ಪರದೇಶದ ಮಗುವೂ ಊರಿನ ತಂಡವೂ

‘ದೇಶ ಸುತ್ತು, ಇಲ್ಲವೆ ಕೋಶ ಓದು’ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದುವವರ ಸಂಖ್ಯೆ ಏನಾಗಿದೆಯೋ ನಮ್ಮ ಗ್ರಂಥಪಾಲರೇ ಹೇಳಬೇಕು; ದೇಶ ಸುತ್ತುವವರ ಸಂಖ್ಯೆಯಂತೂ ಹೆಚ್ಚಿದೆ. ನಮ್ಮ ವಿದ್ಯಾನಗರದಲ್ಲಿ ನಾಲ್ಕು ಓಣಿ ತಿರುಗಿದರೆ ಮಗನೋ ಮಗಳೋ ಪರದೇಶದಲ್ಲಿರುವ ಮನೆಯೊಂದು ಸಿಕ್ಕೇ ಸಿಗುತ್ತದೆ. ಅಲ್ಲಿಯ ಸಂಬಳ, ಮನೆ, ಕಾರು, ಚಳಿ ಇವುಗಳ ವರ್ಣನೆಯನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಆದರೆ ತಂದೆತಾಯಿಗಳ ಬೆರಳು ಹಿಡಿದುಕೊಂಡು ವಿಮಾನ ಹತ್ತಿದ ಆರೇಳು ವರುಷದ ಕೂಸು ಅಲ್ಲಿ ಹೇಗೆ ಬಾಳುತ್ತದೆ ಎಂದು ವಿಚಾರಿಸಿದವರು ಕಡಿಮೆ. ದೊಡ್ಡವರಿಗೆ ಅಲ್ಲಿ ನೌಕರಿಯಿದೆ. ಆ ನೌಕರಿಯೇ ಅವರಿಗೊಂದು ಸ್ಥಾನವನ್ನು ಕೊಡುತ್ತದೆ. ಕೂಸಿಗೆ ಸ್ಥಾನ ಕೊಡುವವರಾರು?

ಈ ಪ್ರಶ್ನೆಗೆ ನನಗೆ ದೊರೆತ ಉತ್ತರ ನಾನು ಎಣಿಸಿದ್ದಲ್ಲ. ಶಾಲೆ ಕೊಟ್ಟೀತು ಎಂದುಕೊಂಡಿದ್ದೆ. ಕೊಟ್ಟದ್ದು ಆ ಊರಿನ ಮಕ್ಕಳ ಆಟದ ತಂಡ. ಅದು ಹೇಗೆ, ಯಾವ ಕಟ್ಟಳೆಗಳಿಂದ, ಎಷ್ಟರ ಮಟ್ಟಿಗೆ ಎಂಬುದನ್ನು ತಿಳಿದ ಮಟ್ಟಿಗೆ ವಿವರಿಸುವದೇ ಈ ಲೇಖನದ ಉದ್ದೇಶ.

ನನ್ನ ಅಕ್ಕನ ಸಂಸಾರ ಈಗ ಎರಡು ವರುಷಗಳ ಹಿಂದೆ ನ್ಯೂಜಿಲಂಡಕ್ಕೆ ಹೋಯಿತು. ಭಾವನವರು ಇಲ್ಲಿಯೇ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದಿದವರು. ಮಗನಿಗೆ ಆಗ ಆರು ತುಂಬಿತ್ತು. ಇಲ್ಲಿ ಇರುವಾಗ ಓಣಿಯ ತುಂಬ ಅವನದೇ ಧ್ವನಿ. ಅಲ್ಲಿಗೆ ಹೋದ ಮೇಲೆ ಆ ಧ್ವನಿ ಅಡಗಿಹೋಯಿತು. ಅಕ್ಕ ಶನಿವಾರದ ದಿನ ಅಲ್ಲಿಯ ಮಧ್ಯಾಹ್ನಕ್ಕೆ ಫೋನು ಮಾಡುತ್ತಾಳೆ. ಅಲ್ಲಿಯ ಚಳಿಗಾಲದಲ್ಲಿ ಗಡಿಯಾರ ನಮ್ಮದಕ್ಕಿಂತ ಆರೂವರೆ ತಾಸು ಮುಂದೆ ಇರುವದರಿಂದ ನಮಗೆ ಆಗ ನಸುಕಿನ ಐದೂವರೆ; ನಾನು ಉಣಕಲ್ ಕೆರೆಯ ಕಡೆಗೆ ತಿರುಗಾಡಲು ಹೊರಡುವ ಹೊತ್ತು. ಒಂದು ಶನಿವಾರ ಅವಳು ಅಳುತ್ತಲೇ ಮಾತನಾಡಿದಳು: “ಏನ್ ಹೇಳ್ಲಿ ತಮ್ಮಾ, ಸಾಲಿಗೆ ಹೋಗ್ತಾನ, ಬರ್ತಾನ, ಒಂದ ಮಾತ ಆಡೂದಿಲ್ಲ. ನಿಮ್ಮ ಹುಡುಗ ಮನ್ಯಾಗರ ಮಾತಾಡ್ತಾನೋ ಇಲ್ಲೋ ಅಂತ ಟೀಚರು ನನ್ನ ಕರದು ಕೇಳಿದ್ರು.” ಏನು ಸಮಾಧಾನ ಹೇಳಬೇಕೋ ನನಗೆ ತಿಳಿಯಲಿಲ್ಲ. ಕೆರೆಯ ದಂಡೆಯ ಮೇಲೆ ನಿಂತು, ಎಲ್ಲ ಸರಿಹೋಗುತ್ತದೆ ಎಂದಷ್ಟೇ ಅಂದೆ.

ಭಾವನವರು ಮಗನನ್ನು ಕ್ರಿಕೆಟ್ಟಿಗೆ ಹಾಕಬೇಕೆಂದು ಹವಣಿಸಿದ್ದರು. ಆದರೆ ಆ ದೇಶದಲ್ಲಿ ಋತುಗಳು ನಮ್ಮವಕ್ಕೆ ತಿರುಗುಮುರುಗು. ಕ್ರಿಕೆಟ್ ಬೇಸಗೆಯ ಆಟ; ಅಲ್ಲಿಯ ಬೇಸಗೆ ಎಂದರೆ ನಮ್ಮ ಚಳಿಗಾಲ. ಇವರು ಹೋಗಿ ಇಳಿದದ್ದು ಮಾರ್ಚ್ ತಿಂಗಳ ಕೊನೆಗೆ. ಬ್ಯಾಟುಗಳನ್ನು ಎತ್ತಿಟ್ಟು ರಗ್ಬಿ, ಫುಟ್‌ಬಾಲ್, ಹಾಕಿ, ನೆಟ್‌ಬಾಲ್ ಇವುಗಳಿಗೆ ಮಕ್ಕಳ ಹೆಸರು ಬರೆಯಿಸುವ ಕಾಲ ಅದು. ತರಗತಿಯಲ್ಲಿ ಪಕ್ಕಕ್ಕೆ ಕೂಡುವ ಹುಡುಗ ರಗ್ಬಿಗೆ ಹೋಗುತ್ತಾನೆಂದು ಇವನೂ ಬೆರಳು ತೋರಿಸಿದ. ರಗ್ಬಿ ಎಂದರೆ ಒಬ್ಬರ ಮೇಲೊಬ್ಬರು ಬಿದ್ದು ಕೆಡವುವ ಆಟವೆಂದು ಕೇಳಿದ್ದ ಅಕ್ಕ ಗಾಬರಿಯಾದಳು. ಮಂಜು ಬಿದ್ದ ಹುಲ್ಲಿನ ಮೇಲೆ ಚಿಕ್ಕ ಮಕ್ಕಳು ಬರಿಗಾಲಿನಿಂದ ಆಡುವದನ್ನು ಕಂಡ ಮೇಲಂತೂ ಗಾಬರಿ ಇಮ್ಮಡಿಸಿತು.

ಆದರೆ ಅಷ್ಟು ಚಿಕ್ಕವರಿಗೆ ಅಲ್ಲಿ ಆಡಿಸುವದು ದೊಡ್ಡವರ ರಗ್ಬಿಯಲ್ಲ. ಅದಕ್ಕೆ ‘ರಿಪ್ಪಾ ರಗ್ಬಿ’ ಎಂದು ಹೆಸರು. ತಂಡಕ್ಕೆ ಏಳು ಜನ. ಪ್ರತಿಯೊಂದು ಮಗುವಿನ ಸೊಂಟಕ್ಕೆ ಒಂದು ಪಟ್ಟಿ. ಆ ಪಟ್ಟಿಗೆ ಎರಡೂ ಬದಿಗೆ ಜೋತುಬಿದ್ದ ಬಟ್ಟೆಯ ಬಾಲಗಳು. ಚೆಂಡು ಹಿಡಿದು ಓಡುವವನನ್ನು ಕೆಡವುವಂತಿಲ್ಲ, ದೂಡುವಂತಿಲ್ಲ, ಬಾಲವನ್ನು ಕಿತ್ತುಕೊಂಡರಾಯಿತು. ಕಿತ್ತವನು ಅಲ್ಲಿಯೇ ನಿಂತು ಬಾಲವನ್ನು ತಲೆಯ ಮೇಲೆತ್ತಿ ‘ರಿಪ್’ ಎಂದು ಗಟ್ಟಿಯಾಗಿ ಕೂಗಬೇಕು. ಚೆಂಡಿನವನು ಚೆಂಡನ್ನು ತನ್ನವರಿಗೆ ದಾಟಿಸಬೇಕು. ಅನಂತರ ಕಿತ್ತವನು ಆ ಬಾಲವನ್ನು ಎದುರಾಳಿಯ ಕೈಗೆ ತಿರುಗಿ ಕೊಡಬೇಕು. ಅವನು ಅದನ್ನು ಸಿಕ್ಕಿಸಿಕೊಂಡ ಮೇಲೆಯೇ ಇಬ್ಬರೂ ಮತ್ತೆ ಆಟಕ್ಕೆ ಕೂಡಬೇಕು. ಕಸಿದುಕೊಂಡದ್ದನ್ನು ಕಸಿದವನೇ ತಿರುಗಿ ಕೊಡುವ ಈ ಕಟ್ಟಳೆಯನ್ನು ಮಾಡಿದವರು ಮಕ್ಕಳ ಸ್ವಭಾವವನ್ನು ಬಲ್ಲವರೇ ಇರಬೇಕು.

ಮೊದಲನೆಯ ಶನಿವಾರ ನಮ್ಮ ಹುಡುಗ ಗೆರೆಯ ಹೊರಗೆ ತಾಯಿಯ ಸೆರಗಿನಂತೆ ಅಂಟಿಕೊಂಡು ನಿಂತ. ಎರಡನೆಯ ಶನಿವಾರ ಒಳಗೆ ಹೋದ. ಚೆಂಡು ಸಿಕ್ಕಾಗ ತಿರುಗಾಮುರುಗಾ ಓಡಿದ. ಯಾರೂ ಗದರಲಿಲ್ಲ. ಮೂರನೆಯ ಶನಿವಾರ ಅಕ್ಕನ ಕೈಯಿಂದ ಫೋನನ್ನು ಕಸಿದುಕೊಂಡು ಅವನೇ ಮಾತನಾಡಿದ: “ಮಾಮಾ, ನಾ ಇವತ್ತ ರಿಪ್ ಅಂತ ಒದರಿದೆ! ಎಲ್ಲಾರಿಗೂ ಕೇಳಸ್ತು!” ಆ ದೇಶದಲ್ಲಿ ನಾಲ್ಕು ಜನರ ಎದುರಿಗೆ ಅವನ ಬಾಯಿಂದ ಗಟ್ಟಿಯಾಗಿ ಹೊರಟ ಮೊದಲನೆಯ ಶಬ್ದ ಅದು. ಮುಂದಿನ ಸೋಮವಾರ ತರಗತಿಯಲ್ಲಿ ನೀರು ಕುಡಿಯಲು ಹೋಗಲೇ ಎಂದು ತಾನಾಗಿ ಕೇಳಿದನಂತೆ. ಟೀಚರು ಆ ಸಂಗತಿಯನ್ನು ಚೀಟಿಯಲ್ಲಿ ಬರೆದು ಮನೆಗೆ ಕಳಿಸಿದರು.

ಒಂದು ವರುಷ ಶಾಲೆಯ ಬಾಕಿನ ಮೇಲೆ ಕೂತರೂ ಆಗದಿದ್ದದ್ದು ಮೂರು ಶನಿವಾರಗಳಲ್ಲಿ ಆದೀತು ಎಂದು ನಾನು ಹೇಳುತ್ತಿಲ್ಲ. ಮಕ್ಕಳಲ್ಲಿ ಬಗೆಬಗೆಯವರಿದ್ದಾರೆ. ಆದರೆ ಈ ಬಗೆಯ ಬದಲಾವಣೆಗೆ ಕಾರಣಗಳೇನಿರಬಹುದು ಎಂದು ವಿಚಾರಿಸಿದಾಗ ನಾಲ್ಕು ಸಂಗತಿಗಳು ಎದ್ದು ಕಾಣುತ್ತವೆ.

ಮೊದಲನೆಯದಾಗಿ, ಆಟದಲ್ಲಿ ಮಾತು ಹಿಂದೆ, ಮೈ ಮುಂದೆ. ತರಗತಿಯಲ್ಲಿ ಭಾಷೆ ಬಾರದ ಮಗು ಏನೂ ಬಾರದ ಮಗುವಾಗಿಯೇ ಕಾಣುತ್ತದೆ. ಮೈದಾನದಲ್ಲಿ ಓಡಲು ವ್ಯಾಕರಣ ಬೇಕಿಲ್ಲ. ಬೇಕಾಗುವ ಹತ್ತಿಪ್ಪತ್ತು ಶಬ್ದಗಳೂ ಅರ್ಥವನ್ನು ಕಣ್ಣೆದುರಿಗೇ ಇಟ್ಟುಕೊಂಡು ಬರುತ್ತವೆ. ಚೆಂಡು ಬರುವಾಗ ‘ಹಿಡಿ’ ಎಂದು ಕೇಳಿದವನಿಗೆ ಆ ಶಬ್ದದ ಅರ್ಥವನ್ನು ನಿಘಂಟು ಹೇಳಬೇಕಿಲ್ಲ.

ಎರಡನೆಯದಾಗಿ, ತಂಡಕ್ಕೆ ಮಗು ಬೇಕು. ಇದೇ ಎಲ್ಲಕ್ಕಿಂತ ಮುಖ್ಯವಾದುದೆಂದು ನನಗೆ ತೋರುತ್ತದೆ. ಮೂವತ್ತು ಜನರ ತರಗತಿಯಲ್ಲಿ ಒಬ್ಬ ಸುಮ್ಮನೆ ಕೂತರೆ ತರಗತಿಗೆ ನಷ್ಟವಿಲ್ಲ. ಏಳು ಜನರ ತಂಡದಲ್ಲಿ ಒಬ್ಬ ಬಾರದಿದ್ದರೆ ಉಳಿದ ಆರು ಜನ ಅವನ ದಾರಿಯನ್ನು ನೋಡುತ್ತಾರೆ. ಮಗುವನ್ನು ಬರಮಾಡಿಕೊಳ್ಳುವದು ಬೇರೆ, ಮಗು ಬೇಕಾಗುವದು ಬೇರೆ. ಮೊದಲನೆಯದು ಸೌಜನ್ಯ; ಸೌಜನ್ಯಕ್ಕೆ ಮಗು ಅತಿಥಿಯಾಗಿಯೇ ಉಳಿಯುತ್ತದೆ. ಎರಡನೆಯದರಿಂದ ಅದು ಮನೆಯವರಲ್ಲೊಬ್ಬನಾಗುತ್ತದೆ.

ಮೂರನೆಯದಾಗಿ, ಅದೇ ವಾರ, ಅದೇ ಹೊತ್ತು, ಅದೇ ಮುಖಗಳು. ಹೊಸ ಊರಿನಲ್ಲಿ ಎಲ್ಲವೂ ಅಪರಿಚಿತವಾಗಿರುವಾಗ ಶನಿವಾರದ ಆ ಒಂದು ತಾಸು ಪರಿಚಿತವಾಗುತ್ತದೆ. ಗೆಳೆತನ ಒಂದೇ ದಿನದ ಹಬ್ಬದಿಂದ ಬೆಳೆಯುವದಿಲ್ಲ.

ನಾಲ್ಕನೆಯದು ಮಗುವಿಗೆ ಸಂಬಂಧಿಸಿದ್ದಲ್ಲ, ತಂದೆತಾಯಿಗಳಿಗೆ ಸಂಬಂಧಿಸಿದ್ದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಇಂಥ ತಂಡಗಳು ಹೇಗೆ ನಡೆಯುತ್ತವೆ ಎಂಬುದು ಅದರಿಂದಲೇ ತಿಳಿಯುತ್ತದೆ.

ನಮ್ಮಲ್ಲಿ ಮಕ್ಕಳ ಆಟವೆಂದರೆ ಒಂದು ಶಾಲೆಯ ವ್ಯಾಯಾಮ ಶಿಕ್ಷಕರ ಕೆಲಸ, ಇಲ್ಲವೆ ಹಣ ಕೊಟ್ಟು ಕಲಿಯುವ ಶಿಬಿರದ ಕೆಲಸ. ನ್ಯೂಜಿಲಂಡ, ಆಸ್ಟ್ರೇಲಿಯ, ಇಂಗ್ಲಂಡ ಮುಂತಾದ ಕಡೆಗಳಲ್ಲಿ ಊರಿನ ಕ್ಲಬ್ಬು ಅದನ್ನು ನಡೆಸುತ್ತದೆ. ಕ್ಲಬ್ಬೆಂದರೆ ಶ್ರೀಮಂತರು ಕೂಡುವ ಸ್ಥಳವೆಂದು ತಿಳಿಯಬಾರದು. ಒಂದು ಬಯಲು, ಒಂದು ಕೋಣೆ, ವರ್ಷಕ್ಕಿಷ್ಟೆಂದು ವಂತಿಗೆ ಕೊಡುವ ಮನೆಗಳು, ಇಷ್ಟೇ. ಚಿಕ್ಕ ಮಕ್ಕಳಿಗೆ ಆಟ ಕಲಿಸುವವರು ಬಹುತೇಕ ಆ ಮಕ್ಕಳ ತಂದೆತಾಯಿಗಳೇ, ಅವರಿಗೆ ಸಂಬಳವಿಲ್ಲ. ಆದರೆ ಮಕ್ಕಳ ಹೊಣೆ ಹೊರುವವರ ಪೂರ್ವಚರಿತ್ರೆಯನ್ನು ಪೊಲೀಸ್ ದಾಖಲೆಗಳಿಂದ ತಪಾಸಣೆ ಮಾಡಿಸುವ ಪದ್ಧತಿ ಈ ದೇಶಗಳಲ್ಲಿ ಇದೆ. ಉಚಿತ ಸೇವೆಯೆಂದು ಮಕ್ಕಳ ರಕ್ಷಣೆಯನ್ನು ಸಡಿಲು ಬಿಡುವದಿಲ್ಲ. ಇದು ನಾವೂ ಕಲಿಯಬೇಕಾದ ಮಾತು.

ಅಕ್ಕನ ಮಗನ ತಂಡಕ್ಕೆ ಆಟ ಕಲಿಸುವವರು ಬಡಿಗತನ ಮಾಡುವ ಒಬ್ಬ ಗೃಹಸ್ಥರು. ಎರಡನೆಯ ವಾರವೇ ಅವರು ನಮ್ಮ ಭಾವನವರ ಕೈಗೆ ಒಂದು ಬಾವುಟ ಕೊಟ್ಟು ಗೆರೆಯ ಮೇಲೆ ನಿಲ್ಲಿಸಿದರು. ಜನ್ಮದಲ್ಲಿ ಒಂದು ಆಟವನ್ನೂ ಆಡದ ಭಾವನವರು ಅಂಪಾಯರರಾದರು. ಆಮೇಲೆ ಚೆಂಡಿನ ಚೀಲ ಹೊರುವದು, ಅರ್ಧ ಆಟಕ್ಕೆ ಮಕ್ಕಳಿಗೆ ಕಿತ್ತಳೆ ಹೆಚ್ಚಿ ಕೊಡುವದು ಇವೂ ಪಾಳಿಯ ಮೇಲೆ ಬಂದವು. ಆಫೀಸಿನಲ್ಲಿ ಒಂದು ವರುಷದಲ್ಲಿ ಆಗದಷ್ಟು ಪರಿಚಯ ಗೆರೆಯ ಮೇಲೆ ನಿಂತು ಆಯಿತೆಂದು ಅವರೇ ಹೇಳುತ್ತಾರೆ. ಹೀಗೆ ಮಗುವಿನ ಹಿಂದೆ ಮನೆಯೂ ಊರನ್ನು ಸೇರುತ್ತದೆ.

ಇದರಲ್ಲಿ ಎಡವುವದೂ ಉಂಟು. ಅಕ್ಕ ತನ್ನ ಪಾಳಿ ಬಂದ ದಿನ ಬಹಳ ಹುರುಪಿನಿಂದ ಶೇಂಗಾದ ಉಂಡಿ ಮಾಡಿಕೊಂಡು ಹೋದಳು. ಡಬ್ಬಿ ತೆರೆಯುತ್ತಲೇ ಒಬ್ಬ ತಾಯಿ ಓಡಿ ಬಂದು ಮುಚ್ಚಿದರು. ಅವರ ಮಗನಿಗೆ ಶೇಂಗಾ ಸೋಂಕಿದರೆ ಉಸಿರು ಕಟ್ಟುವಂತಹ ಅಲರ್ಜಿಯಂತೆ; ಶೇಂಗಾ ತರಬಾರದೆಂದು ತಂಡದ ಕಾಗದದಲ್ಲಿ ಬರೆದೇ ಇತ್ತು, ಇವಳು ಓದಿರಲಿಲ್ಲ. ಮನೆಗೆ ಬಂದು ಅತ್ತಳು. ಮುಂದಿನ ಪಾಳಿಗೆ ಖಾರ ಕಡಿಮೆ ಹಾಕಿ ಚುರಮರಿಯ ಗಿರ್ಮಿಟ್ ಮಾಡಿಕೊಂಡು ಹೋದಳು. ಶೇಂಗಾದ ತಾಯಿಯೇ ಎರಡು ಸಲ ಕೇಳಿ ಹಾಕಿಸಿಕೊಂಡರು. ಆಟದ ಅನಂತರ ಅಲ್ಲಿ ಸುಟ್ಟ ಮಾಂಸದ ತಿನಿಸನ್ನು ಹಂಚುವ ರೂಢಿ ಹೆಚ್ಚು. ನಮ್ಮ ಹುಡುಗ ತಿನ್ನುವದಿಲ್ಲವೆಂದು ಗೊತ್ತಾದ ಮೇಲೆ ಅವನಿಗಾಗಿ ರೊಟ್ಟಿ, ಉಳ್ಳಾಗಡ್ಡಿ ಬೇರೆ ಇಡತೊಡಗಿದರು. ಎರಡೂ ಕಡೆಯವರು ಒಂದೊಂದು ಹೆಜ್ಜೆ ಇಟ್ಟರೆ ದಾರಿ ಅರ್ಧವಾಗುತ್ತದೆ.

ಇಂಥ ಸೌಹಾರ್ದ ಒಳ್ಳೆಯ ಜನರಿದ್ದ ಮಾತ್ರಕ್ಕೆ ತಾನಾಗಿಯೇ ಹುಟ್ಟುವದಿಲ್ಲ; ಅದರ ಹಿಂದೆ ಕಟ್ಟಳೆಗಳಿವೆ. ಬೇರೆ ಬೇರೆ ದೇಶಗಳು ಈ ಕಟ್ಟಳೆಗಳನ್ನು ಹೇಗೆ ಮಾಡಿಕೊಂಡವೆಂಬುದನ್ನು ನೋಡುವದು ಉಪಯುಕ್ತ.

ಅಮೇರಿಕದ ಪೆನ್ಸಿಲ್ವೇನಿಯ ಪ್ರಾಂತದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು 1939ರಲ್ಲಿ ಮಕ್ಕಳ ಬೇಸ್‌ಬಾಲ್ ಪಂದ್ಯಗಳನ್ನು ಆರಂಭಿಸಿದರು. ಅದೇ ಮುಂದೆ ‘ಲಿಟಲ್ ಲೀಗ್’ ಎಂದು ಜಗತ್ತಿಗೆಲ್ಲ ಹಬ್ಬಿತು. ತಂಡದಲ್ಲಿ ಹೆಸರಿದ್ದ ಪ್ರತಿಯೊಂದು ಮಗುವೂ ಆಡಲೇಬೇಕು, ಒಮ್ಮೆಯಾದರೂ ಬ್ಯಾಟು ಹಿಡಿಯಲೇಬೇಕು ಎಂಬುದು ಅದರ ನಿಯಮಗಳಲ್ಲೊಂದು. ಆದರೆ ಎಲ್ಲ ಮಕ್ಕಳೆಂದರೆ ಬಹುಕಾಲ ಗಂಡುಮಕ್ಕಳೆಂದೇ ಅರ್ಥವಾಗಿತ್ತು. 1972ರಲ್ಲಿ ನ್ಯೂಜೆರ್ಸಿಯ ಹೊಬೊಕನ್ ಎಂಬ ಊರಿನ ಮರಿಯಾ ಪೆಪೆ ಎಂಬ ಹುಡುಗಿ ತಂಡವೊಂದರಲ್ಲಿ ಆಡಿದಳೆಂದು ಆಕ್ಷೇಪಣೆಯೆದ್ದು, ಮೂರು ಪಂದ್ಯಗಳ ಅನಂತರ ಅವಳನ್ನು ಹೊರಗಿಡಲಾಯಿತು. ನ್ಯಾಯಾಲಯದವರೆಗೆ ಹೋಗಿ 1974ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಆ ಹುಡುಗಿಯ ವಯಸ್ಸು ದಾಟಿಹೋಗಿತ್ತು. ಬಾಗಿಲು ತೆರೆದದ್ದು ಅವಳ ಹಿಂದೆ ಬಂದವರಿಗೆ.

ಅದೇ ದೇಶದ ಕ್ಯಾಲಿಫೋರ್ನಿಯದಲ್ಲಿ 1964ರಲ್ಲಿ ಹುಟ್ಟಿದ ಮಕ್ಕಳ ಫುಟ್‌ಬಾಲ್ ಸಂಸ್ಥೆಯೊಂದು ‘ಪ್ರತಿಯೊಬ್ಬರೂ ಆಡುತ್ತಾರೆ’ ಎಂಬ ಮಾತನ್ನೇ ತನ್ನ ಧ್ಯೇಯವನ್ನಾಗಿ ಇಟ್ಟುಕೊಂಡಿತು. ಪ್ರತಿ ಮಗುವಿಗೆ ಕನಿಷ್ಠ ಅರ್ಧ ಪಂದ್ಯದ ಆಟ ಸಿಗಬೇಕು. ಹೆಸರು ಬರೆಯಿಸಲು ಪರೀಕ್ಷೆ ಇರಕೂಡದು. ಬಲ್ಲವರೆಲ್ಲ ಒಂದು ಕಡೆ, ಬಾರದವರೆಲ್ಲ ಇನ್ನೊಂದು ಕಡೆ ಆಗದಂತೆ ತಂಡಗಳನ್ನು ತೂಗಿ ಹಂಚಬೇಕು. ನಾರ್ವೆ ದೇಶದ ಕ್ರೀಡಾ ಒಕ್ಕೂಟ ಇನ್ನೂ ಮುಂದೆ ಹೋಗಿ, 1987ರಲ್ಲಿ ಮಕ್ಕಳ ಕ್ರೀಡೆಗೆ ನಿಯಮಗಳನ್ನು ಮಾಡಿತು. 2007ರಲ್ಲಿ ಅವುಗಳನ್ನು ಪರಿಷ್ಕರಿಸಿ ಮಕ್ಕಳ ಹಕ್ಕುಗಳ ರೂಪದಲ್ಲಿ ಪ್ರಕಟಿಸಿತು. ಅದರ ಪ್ರಕಾರ ಹನ್ನೊಂದು ವರುಷದೊಳಗಿನ ಮಕ್ಕಳ ಪಂದ್ಯಗಳಲ್ಲಿ ಮೊದಲನೆಯವ, ಕೊನೆಯವ ಎಂಬ ಪಟ್ಟಿ ಹಾಕುವಂತಿಲ್ಲ. ಹದಿಮೂರರೊಳಗಿನವರಿಗೆ ರಾಷ್ಟ್ರಮಟ್ಟದ ಚಾಂಪಿಯನ್ ಪಂದ್ಯಗಳಿಲ್ಲ. ಹೀಗೆ ಮಾಡಿದರೆ ಆಟದಲ್ಲಿ ದೇಶ ಹಿಂದೆ ಬೀಳುವದಿಲ್ಲವೆ ಎಂದು ಯಾರಾದರೂ ಕೇಳಬಹುದು. ಚಳಿಗಾಲದ ಒಲಿಂಪಿಕ್ಸಿನ ಪದಕಗಳ ಪಟ್ಟಿಯಲ್ಲಿ 2018ರಲ್ಲಿಯೂ 2022ರಲ್ಲಿಯೂ ಆ ಚಿಕ್ಕ ದೇಶವೇ ಎಲ್ಲರಿಗಿಂತ ಮೇಲೆ ಇತ್ತು.

ಪರದೇಶದ ಮಗುವಿಗೇ ವಿಶೇಷವಾಗಿ ಅನ್ವಯಿಸುವ ಒಂದು ನಿಯಮ ಫುಟ್‌ಬಾಲ್ ಆಟದಲ್ಲಿದೆ. ಬಡದೇಶಗಳ ಚುರುಕಾದ ಹುಡುಗರನ್ನು ಆಸೆ ತೋರಿಸಿ ಕೊಂಡೊಯ್ದು ಬೇಡವಾದಾಗ ಬೀದಿಯಲ್ಲಿ ಬಿಡುವ ದುಷ್ಟ ವ್ಯಾಪಾರ ಒಂದು ಕಾಲಕ್ಕೆ ಬೆಳೆದಿತ್ತು. ಅದನ್ನು ತಡೆಯಲೆಂದು ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫೀಫಾ, ಹದಿನೆಂಟು ವರುಷದೊಳಗಿನ ಆಟಗಾರರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವದನ್ನು ನಿಷೇಧಿಸಿದೆ. ಇದಕ್ಕಿರುವ ಕೆಲವು ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕಾಗಿ ತಂದೆತಾಯಿಗಳೇ ಆ ದೇಶಕ್ಕೆ ಹೋಗಿ ನೆಲೆಸಿರುವದು. ಕಾಗದಪತ್ರಗಳ ಈ ತಪಾಸಣೆ ಮೊದಲು ಹನ್ನೆರಡು ವರುಷದಿಂದ ಮೇಲ್ಪಟ್ಟವರಿಗೆ ಇತ್ತು. 2015ರಲ್ಲಿ ಅದನ್ನು ಹತ್ತಕ್ಕೆ ಇಳಿಸಿದರು. ಆದುದರಿಂದ ಹತ್ತು ತುಂಬಿದ ಮಗುವನ್ನು ಅಲ್ಲಿಯ ಕ್ಲಬ್ಬಿಗೆ ಸೇರಿಸಹೋದಾಗ ತಂದೆಯ ನೌಕರಿಯ ಪತ್ರವನ್ನೂ ಪಾಸ್‌ಪೋರ್ಟನ್ನೂ ಕೇಳಿದರೆ, ಇವರಿಗೆ ನಮ್ಮ ಮೇಲೆ ಸಂಶಯವೆಂದು ನಮ್ಮವರು ನೊಂದುಕೊಳ್ಳಬಾರದು. ಆ ನಿಯಮ ಮಗುವಿನ ರಕ್ಷಣೆಗಾಗಿಯೇ ಹುಟ್ಟಿದ್ದು.

ಇನ್ನು ಇಂಥ ತಂಡಗಳಿಂದ ಬೆಳೆದು ಬಂದವರ ದೃಷ್ಟಾಂತಗಳನ್ನು ನೋಡೋಣ. 2021ರ ನವೆಂಬರದಲ್ಲಿ ಕಾನಪುರದಲ್ಲಿ ಭಾರತ ಹಾಗೂ ನ್ಯೂಜಿಲಂಡಗಳ ನಡುವೆ ಟೆಸ್ಟ್ ಪಂದ್ಯ ನಡೆಯಿತು. ಕೊನೆಯ ದಿನ ಭಾರತಕ್ಕೆ ಬೇಕಾದದ್ದು ಒಂದೇ ವಿಕೆಟ್ಟು. ನ್ಯೂಜಿಲಂಡದ ಕೊನೆಯ ಜೋಡಿ 52 ಚೆಂಡುಗಳನ್ನು ತಡೆದು ನಿಂತು ಪಂದ್ಯವನ್ನು ಉಳಿಸಿಕೊಂಡಿತು. ಆ ಇಬ್ಬರಲ್ಲಿ ಒಬ್ಬರು ಏಜಾಜ್ ಪಟೇಲ್. 1988ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೆ ತಂದೆತಾಯಿಗಳೊಡನೆ ನ್ಯೂಜಿಲಂಡಕ್ಕೆ ಹೋದವರು. ಇನ್ನೊಬ್ಬರು ರಚಿನ್ ರವೀಂದ್ರ. ಬೆಂಗಳೂರಿನಿಂದ ಹೋದ ಕುಟುಂಬದಲ್ಲಿ 1999ರ ನವೆಂಬರ 18ರಂದು ವೆಲಿಂಗ್ಟನ್ನಿನಲ್ಲಿ ಹುಟ್ಟಿದವರು. ಒಂದು ವಾರದೊಳಗೆ ಏಜಾಜರು ತಾವು ಹುಟ್ಟಿದ ಮುಂಬಯಿಯಲ್ಲಿಯೇ ಭಾರತದ ಹತ್ತೂ ವಿಕೆಟ್ಟುಗಳನ್ನು ಒಂದೇ ಇನ್ನಿಂಗ್ಸಿನಲ್ಲಿ ಉರುಳಿಸಿದರು. ಅದಕ್ಕೆ ಮೊದಲು ಆ ಸಾಹಸ ಮಾಡಿದವರು ಇಬ್ಬರೇ: 1956ರಲ್ಲಿ ಇಂಗ್ಲಂಡದ ಜಿಮ್ ಲೇಕರ್, 1999ರಲ್ಲಿ ನಮ್ಮ ಅನಿಲ ಕುಂಬ್ಳೆ.

ರಚಿನರ ತಂದೆ ರವಿ ಕೃಷ್ಣಮೂರ್ತಿಯವರು ಬೆಂಗಳೂರಿನಲ್ಲಿ ಕ್ಲಬ್ ಕ್ರಿಕೆಟ್ ಆಡಿದವರು, ವೃತ್ತಿಯಿಂದ ಸಾಫ್ಟ್‌ವೇರ್ ತಜ್ಞರು. ಅವರು ತಮ್ಮ ಮಗನಿಗೆ ಮಾತ್ರ ಆಟ ಕಲಿಸಿ ಸುಮ್ಮನಾಗಲಿಲ್ಲ. ‘ಹಟ್ ಹಾಕ್ಸ್’ ಎಂಬ ಕ್ಲಬ್ಬನ್ನು ಕಟ್ಟಿ, ಅಲ್ಲಿಯ ಹುಡುಗರನ್ನು ಭಾರತಕ್ಕೆ ಕರೆತಂದು ಆಡಿಸುತ್ತ ಬಂದರು. ನಮ್ಮ ಬಳ್ಳಾರಿಗೆ ಹತ್ತಿರದ ಅನಂತಪುರದ ಮೈದಾನದಲ್ಲಿ ರಚಿನರು ಆಡಿ ಪಳಗಿದ್ದು ಹೀಗೆಯೇ. ನ್ಯೂಜಿಲಂಡದ ಪರವಾಗಿ 2016 ಹಾಗೂ 2018ರ ಹತ್ತೊಂಬತ್ತರೊಳಗಿನವರ ವಿಶ್ವಕಪ್‌ಗಳಲ್ಲಿ ಆಡಿ, 2023ರ ವಿಶ್ವಕಪ್ಪಿನಲ್ಲಿ ಮೂರು ಶತಕಗಳೊಂದಿಗೆ 578 ಓಟಗಳನ್ನು ಗಳಿಸಿದರು. ಅವುಗಳಲ್ಲೊಂದು ಶತಕ ಬೆಂಗಳೂರಿನಲ್ಲಿಯೇ ಪಾಕಿಸ್ತಾನದ ವಿರುದ್ಧ ಬಂದಿತು. 2024ರ ಅಕ್ಟೋಬರದಲ್ಲಿ ಅದೇ ಚಿನ್ನಸ್ವಾಮಿ ಮೈದಾನದಲ್ಲಿ ಭಾರತ ತಂಡ 46 ಓಟಗಳಿಗೆ ಉರುಳಿದ ಟೆಸ್ಟಿನಲ್ಲಿ ಅವರು 134 ಹೊಡೆದರು. ನ್ಯೂಜಿಲಂಡ 1988ರ ತರುವಾಯ ಮೊದಲ ಸಲ ಭಾರತದ ನೆಲದಲ್ಲಿ ಟೆಸ್ಟ್ ಗೆದ್ದಿತು. ಸೋತ ಊರಿನವರೇ ಆ ಹುಡುಗನಿಗೆ ಚಪ್ಪಾಳೆ ತಟ್ಟಿದರು. ಇವನು ಯಾವ ಊರಿನವನು ಎಂದು ಕೇಳಿದರೆ, ಎರಡೂ ಊರಿನವನು ಎಂಬುದೇ ನಿಜವಾದ ಉತ್ತರ.

ಆದರೆ ಈ ದೃಷ್ಟಾಂತವನ್ನು ತಪ್ಪಾಗಿ ಓದುವ ಅಪಾಯವಿದೆ. ತಮ್ಮ ಮಗುವೂ ರಚಿನನಾಗಬೇಕೆಂದು ಗೆರೆಯ ಮೇಲೆ ನಿಂತು ಕೂಗುವ ತಂದೆ, ಆಟವನ್ನು ಇನ್ನೊಂದು ಪರೀಕ್ಷೆಯನ್ನಾಗಿ ಮಾಡಿಬಿಡುತ್ತಾನೆ. ತಂಡ ಸೇರುವ ಅಸಂಖ್ಯ ಮಕ್ಕಳಲ್ಲಿ ದೇಶಕ್ಕಾಗಿ ಆಡುವವರು ಬೆರಳೆಣಿಕೆಯಷ್ಟು. ಉಳಿದವರಿಗೆ ದೊರೆಯುವದು ನಾಲ್ಕು ಜನ ಗೆಳೆಯರು, ಮೊಣಕಾಲಿನ ಮೇಲೊಂದು ಗಾಯದ ಕಲೆ, ಈ ಊರಿನಲ್ಲಿ ನನ್ನ ಹೆಸರು ಕರೆಯುವವರಿದ್ದಾರೆ ಎಂಬ ಧೈರ್ಯ. ಅದು ಸಣ್ಣ ಲಾಭವಲ್ಲ.

ಎಲ್ಲ ತಂಡಗಳೂ ಬಾಗಿಲು ತೆರೆದಿಟ್ಟುಕೊಂಡಿರುತ್ತವೆ ಎಂದೂ ತಿಳಿಯಬಾರದು. ಇಂಗ್ಲಂಡದ ಕ್ರಿಕೆಟ್ ಮಂಡಳಿಯೇ ನೇಮಿಸಿದ ಸ್ವತಂತ್ರ ಆಯೋಗವೊಂದು 2023ರ ಜೂನದಲ್ಲಿ ವರದಿಯನ್ನು ಕೊಟ್ಟು, ಅಲ್ಲಿಯ ಕ್ರಿಕೆಟ್ಟಿನಲ್ಲಿ ವರ್ಣಭೇದ, ಲಿಂಗಭೇದ, ವರ್ಗಭೇದಗಳು ಆಳವಾಗಿ ಬೇರೂರಿವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿತು. ಮಂಡಳಿ ಕ್ಷಮೆ ಕೇಳಿತು. ಬಣ್ಣವನ್ನೋ ಹೆಸರನ್ನೋ ಹಿಡಿದು ಹಂಗಿಸುವ ಮಾತು ಮಗುವಿನ ಕಿವಿಗೆ ಬಿದ್ದರೆ, ಆಟದಲ್ಲಿ ಇದೆಲ್ಲ ಇದ್ದದ್ದೇ ಎಂದು ತಂದೆತಾಯಿಗಳು ನುಂಗಿಕೊಳ್ಳಬಾರದು. ಕೊಲ್ಲಿ ದೇಶಗಳಲ್ಲಿ ಇರುವ ನಮ್ಮ ಕರಾವಳಿಯ ಕುಟುಂಬಗಳ ಸ್ಥಿತಿ ಮತ್ತೊಂದು ಬಗೆಯದು. ಅಲ್ಲಿ ನಮ್ಮ ಮಕ್ಕಳು ಹೆಚ್ಚಾಗಿ ಭಾರತೀಯ ಶಾಲೆಗಳಲ್ಲಿಯೇ ಓದುವದರಿಂದ ಜೊತೆಗಾರರೂ ನಮ್ಮವರೇ ಆಗಿರುತ್ತಾರೆ. ಒಂಟಿತನ ಕಡಿಮೆ, ಆ ನೆಲದ ಪರಿಚಯವೂ ಕಡಿಮೆ.

ಇನ್ನೊಂದು ತೊಡಕು ಕನ್ನಡದ್ದು. ಪರದೇಶಗಳಲ್ಲಿ ಕನ್ನಡ ಸಂಘಗಳು ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳನ್ನು ವಾರದ ಕೊನೆಗೆ ಇಡುತ್ತವೆ. ಪಂದ್ಯಗಳು ನಡೆಯುವದೂ ವಾರದ ಕೊನೆಗೇ. ಅಕ್ಷರಮಾಲೆಯೋ ಚೆಂಡೋ ಎಂದರೆ ಮಗು ಯಾವುದನ್ನು ಆರಿಸೀತು ಎಂದು ಹೇಳಬೇಕಿಲ್ಲ. ಅಕ್ಕನ ಮನೆಯಲ್ಲಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ಪಂದ್ಯ ಮುಗಿದ ಮೇಲೆ ಆ ದಿನದ ಆಟವನ್ನೆಲ್ಲ ಇಲ್ಲಿರುವ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು. ಅಜ್ಜಿಗೆ ರಗ್ಬಿ ತಿಳಿಯದು. ಆದುದರಿಂದ ಅವನು ಬಿಡಿಸಿ ಬಿಡಿಸಿ ಹೇಳಲೇಬೇಕು. ನಮ್ಮ ತಾಯಿ, “ಕಸ್ಗೊಂಡ ಮ್ಯಾಲ ತಿರುಗಿ ಯಾಕ ಕೊಡ್ತೀಯೋ?” ಎಂದು ಪ್ರತಿ ವಾರ ಕೇಳುತ್ತಾಳೆ. “ಅಂವಾ ಮತ್ತ ಆಡಬೇಕಲ್ಲ, ಅಜ್ಜಿ!” ಎಂದು ಅವನು ಪ್ರತಿ ವಾರ ಹೇಳುತ್ತಾನೆ.

ಈ ಮಾತನ್ನು ಕೇಳಿದಾಗಿನಿಂದ ನನ್ನ ಲಕ್ಷ್ಯ ನಮ್ಮ ಊರಿನ ಕಡೆಗೆ ತಿರುಗಿದೆ. ಪರದೇಶವೆಂಬುದು ಸಮುದ್ರದಾಚೆಗೇ ಇರಬೇಕಾಗಿಲ್ಲ. ನಮ್ಮ ಹುಬ್ಬಳ್ಳಿ ಹೊರಗಿನಿಂದ ಬಂದವರಿಂದಲೇ ಬೆಳೆದ ಊರು. ರೈಲ್ವೆಯ ಕಾರಖಾನೆ ಬೇರೆ ಬೇರೆ ಭಾಷೆಯ ಕುಟುಂಬಗಳನ್ನು ಇಲ್ಲಿಗೆ ತಂದಿತು. ಮಾರುಕಟ್ಟೆ ಸುತ್ತಲಿನ ಹಳ್ಳಿಗಳವರನ್ನು ತಂದಿತು. ಈಗ ಏಳುತ್ತಿರುವ ಕಟ್ಟಡಗಳು ದೂರದ ಜಿಲ್ಲೆಗಳ, ದೂರದ ಪ್ರಾಂತಗಳ ಕೂಲಿಕಾರರನ್ನು ತರುತ್ತಿವೆ. ಅವರ ಮಕ್ಕಳಿಗೆ ನಮ್ಮ ಊರಿನಲ್ಲಿ ತಂಡವಿದೆಯೆ? ಗದಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ನಸುಕಿನಲ್ಲಿ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಹೋಗುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಆ ಹುಡುಗ 1996ರಲ್ಲಿ ಭಾರತದ ಟೆಸ್ಟ್ ತಂಡವನ್ನು ಸೇರಿದ. ಅವನ ಛಲವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಆದರೆ ಅಷ್ಟು ಛಲವಿಲ್ಲದ, ಬರಿ ಆಡಬೇಕೆಂಬ ಆಸೆಯಿದ್ದ ಹುಡುಗನ ಗತಿ ಏನೆಂದು ಕೇಳಿಕೊಳ್ಳುವದಿಲ್ಲ.

ನಮ್ಮ ಕಾಲೇಜಿನ ಮಾತನ್ನೇ ತೆಗೆದುಕೊಳ್ಳೋಣ. ವರ್ಷದ ಆರಂಭದಲ್ಲಿ ಆಯ್ಕೆ ನಡೆಯುತ್ತದೆ. ಹನ್ನೊಂದು ಜನ, ಹೆಚ್ಚೆಂದರೆ ಹದಿನೈದು ಜನ ತಂಡವನ್ನು ಸೇರುತ್ತಾರೆ. ಅವರಲ್ಲೊಬ್ಬರು ಯುನಿವರ್ಸಿಟಿ ಬ್ಲೂ ಆದರೆ ನಾವೆಲ್ಲ ಹೆಮ್ಮೆಪಡುತ್ತೇವೆ. ಉಳಿದ ನೂರಾರು ಜನ ಮೂರು ವರುಷ ಗೆರೆಯ ಹೊರಗೆ ನಿಂತು ಪದವಿ ಪಡೆದು ಹೋಗುತ್ತೇವೆ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಇಳಿದ ಮೊದಲ ವರ್ಷದ ಹುಡುಗನೂ, ಬಸ್ಸು ತಪ್ಪೀತೆಂದು ಕೊನೆಯ ಗಂಟೆಗೇ ಓಡುವ ಹುಡುಗಿಯೂ ನಮ್ಮಲ್ಲಿಯೇ ಒಂದು ಬಗೆಯ ಪರದೇಶಿಗಳು. ಅವರು ಬೇಕೆಂದು ಹೇಳುವ ಒಂದು ತಂಡವಾದರೂ ನಮ್ಮಲ್ಲಿ ಇರಬಾರದೆ? ತರಗತಿಗೊಂದರಂತೆ ಆಯ್ಕೆಯಿಲ್ಲದ ತಂಡ, ವಾರಕ್ಕೊಂದು ತಾಸು, ಹೆಸರು ಕೊಟ್ಟ ಎಲ್ಲರಿಗೂ ಆಟ ಎಂಬ ಒಂದೇ ಕಟ್ಟಳೆ, ಇಷ್ಟಕ್ಕೆ ಹೆಚ್ಚಿನ ಹಣವೇನೂ ಬೇಕಾಗಲಾರದು. ವ್ಯಾಯಾಮ ವಿಭಾಗದ ಗುರುಗಳೂ ಪ್ರಾಚಾರ್ಯರೂ ಇದನ್ನು ಪರಿಶೀಲಿಸಬೇಕೆಂದು ವಿದ್ಯಾರ್ಥಿಗಳ ಪರವಾಗಿ ವಿನಂತಿಸುತ್ತೇನೆ.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಸಂಜೆ ಕ್ರಿಕೆಟ್ ಆಡುವ ಬಯಲಿನ ಆಚೆಗೆ ಒಂದು ಕಟ್ಟಡ ಏಳುತ್ತಿದೆ. ಅದರ ಕಾವಲುಗಾರನ ಮಗ ಒಂಬತ್ತು ಹತ್ತರ ಹುಡುಗ. ಚೆಂಡು ಗೋಡೆ ದಾಟಿದಾಗಲೆಲ್ಲ ಎತ್ತಿ ಒಗೆಯುವವನು ಅವನೇ. ಎರಡು ವರುಷ ಆ ಹುಡುಗನಿಂದ ಚೆಂಡು ಪಡೆದಿದ್ದೇನೆ. ಒಂದು ಸಲವೂ ಹೆಸರು ಕೇಳಿರಲಿಲ್ಲ. ಅಕ್ಕನ ಮಗನಿಗೆ ಬಾವುಟದವರು, ಕಿತ್ತಳೆಯವರು, ಬಡಿಗ ಗೃಹಸ್ಥರು ಇಷ್ಟು ಜನ ಸಿಕ್ಕರೆಂದು ಹಿಗ್ಗಿದವನು, ಗೋಡೆಯ ಆಚೆಗಿನ ಹುಡುಗನಿಗೆ ನಾನು ಯಾರಾಗಿದ್ದೆ?

ಹೋದ ತಿಂಗಳು ಹೆಸರು ಕೇಳಿದೆ. ಮೊದಲು ಹೇಳಲಿಲ್ಲ, ತಪ್ಪು ಮಾಡಿದೆನೋ ಎಂಬಂತೆ ನೋಡಿದ. ಅವರು ರಾಯಚೂರಿನ ಕಡೆಯವರು. ಒಳಗೆ ಬಾ ಎಂದಾಗ ಗೋಡೆ ಹಾರಿ ಬಂದ. ನಮ್ಮಲ್ಲಿ ಆ ದಿನ ಒಬ್ಬ ಕಡಿಮೆಯಿದ್ದ. ಇವನನ್ನು ಲಾಂಗ್ ಆನ್ ಬದಿಗೆ ನಿಲ್ಲಿಸಿದೆವು. ಈಗ ಸಂಜೆ ನಾವು ಬರುವದು ತಡವಾದರೆ, “ಯಾಕ ಅಣ್ಣಾರ, ಇಷ್ಟೊತ್ತನಕ?” ಎಂದು ಅವನೇ ನಮ್ಮನ್ನು ಕೇಳುತ್ತಾನೆ.